ಬಂದೇ ನವಾಜರ ಸನ್ನಿಧಿಯಲ್ಲಿ

ನಾನು ಕಲಬುರಗಿಯ ರೈಲು ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಏಳು ಗಂಟೆಯಾಗಿತ್ತು. ಸಂಜೆಯ ಗಾಡಿಗೆ ಹಿಂದಿರುಗಬೇಕಾಗಿದ್ದುದರಿಂದ ನನ್ನ ಪಾಲಿಗಿದ್ದುದು ಒಂದೇ ದಿನ. ಹೆಗಲಲ್ಲಿ ಕ್ಯಾಮೆರಾ, ಚೀಲದಲ್ಲಿ ಟಿಪ್ಪಣಿ ಪುಸ್ತಕ, ಮನಸ್ಸಿನಲ್ಲಿ ನೋಡಬೇಕಾದ ಸ್ಥಳಗಳ ಉದ್ದನೆಯ ಪಟ್ಟಿ. ಅದೇ ಊರಿನ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದ ನನ್ನ ಗೆಳೆಯ ನನಗಾಗಿ ಕಾದಿದ್ದನು. “ಮೊದಲು ಕೋಟೆ, ಆಮೇಲೆ ಸುಲ್ತಾನರ ಗೋರಿಗಳು, ಕೊನೆಗೆ ಬಂದೇ ನವಾಜರ ದರ್ಗಾ. ಉಳಿದೆಡೆ ನಿನ್ನ ಅವಸರ ನಡೆದೀತು; ದರ್ಗಾದಲ್ಲಿ ಮಾತ್ರ ಬೇಡ” ಎಂದು ಅವನು ಮೊದಲೇ ಎಚ್ಚರಿಸಿದನು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

1347ರಲ್ಲಿ ಸ್ಥಾಪನೆಗೊಂಡ ಬಹಮನಿ ರಾಜ್ಯಕ್ಕೆ ಈ ಊರೇ ರಾಜಧಾನಿಯಾಗಿತ್ತು. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಿದೆ. ನಮ್ಮ ದೇಶದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಮುಂಭಾಗದಲ್ಲಿ ಬಯಲು ಅಂಗಳವಿರುತ್ತದೆ. ಇಲ್ಲಿ ಹಾಗಿಲ್ಲ, ಇಡೀ ಅಂಗಳವನ್ನೇ ಗುಮ್ಮಟಗಳಿಂದ ಮುಚ್ಚಿದ್ದಾರೆ. ಸಾಲುಸಾಲಾಗಿ ಹಬ್ಬಿದ ಕಮಾನುಗಳ ನೆರಳಿನಲ್ಲಿ ನಿಂತಾಗ ಹೊರಗಿನ ಬಿಸಿಲು ಮರೆತೇ ಹೋಗುತ್ತದೆ. ಅಲ್ಲಿಂದ ನಾವು ಊರಿನ ಪೂರ್ವಕ್ಕಿರುವ ಹಫ್ತ್ ಗುಂಬಜ್‌ಗೆ ಬಂದೆವು. ಇವು ಬಹಮನಿ ಅರಸು ಮನೆತನದವರ ಗೋರಿಗಳು. ಇವುಗಳಲ್ಲಿ ಅತ್ಯಂತ ಭವ್ಯವಾದುದು 1397ರಿಂದ 1422ರವರೆಗೆ ಆಳಿದ ಫಿರೋಜ್ ಶಹನದು. ಎರಡು ಗುಮ್ಮಟಗಳ ಆ ಕಟ್ಟಡವನ್ನು ನಾವಿಬ್ಬರೇ ಸುತ್ತಿ ನೋಡಿದೆವು. ನಮ್ಮ ಹೆಜ್ಜೆಯ ಸದ್ದೇ ನಮಗೆ ಮರುದನಿಯಾಗಿ ಕೇಳಿಸುತ್ತಿತ್ತು. ಒಬ್ಬ ಸುಲ್ತಾನನ ಸಮಾಧಿಯಲ್ಲಿ ಒಂದು ಹೂವೂ ಇರಲಿಲ್ಲ.

ಅಲ್ಲಿಂದ ದರ್ಗಾಕ್ಕೆ ಹೆಚ್ಚು ದೂರವಿಲ್ಲ. ಆದರೆ ಅಲ್ಲಿಯ ನೋಟವೇ ಬೇರೆ. ದಾರಿಯ ಎರಡೂ ಬದಿಗೆ ಗುಲಾಬಿ ಹೂವಿನ, ಊದಿನಕಡ್ಡಿಯ, ಸಕ್ಕರೆಯ ಅಂಗಡಿಗಳು. ಹಸಿರು ಚಾದರ ಹೊತ್ತವರು, ಕೂಸನ್ನು ಕಂಕುಳಲ್ಲಿಟ್ಟವರು, ಹಣೆಯ ಮೇಲೆ ವಿಭೂತಿ ಧರಿಸಿದವರು, ಕುಂಕುಮವಿಟ್ಟವರು ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಿದ್ದರು. ಗೆಳೆಯನು ನನ್ನನ್ನು ನಿಲ್ಲಿಸಿ ಮೆಲ್ಲನೆ ಹೇಳಿದನು: “ಪಾದರಕ್ಷೆಯನ್ನು ಇಲ್ಲೇ ಬಿಡು. ತಲೆಯ ಮೇಲೆ ಕರವಸ್ತ್ರವನ್ನು ಕಟ್ಟಿಕೊ. ಪ್ರಾರ್ಥನೆ ಮಾಡುವವರ ಎದುರಿಗೆ ಹಾದುಹೋಗಬೇಡ. ನಿನಗೆ ನಂಬಿಕೆಯಿರಲಿ ಇಲ್ಲದಿರಲಿ, ಇದು ಇನ್ನೊಬ್ಬರ ನಂಬಿಕೆಯ ಮನೆ. ನಾವು ಅತಿಥಿಗಳು.”

ದರ್ಗಾ ಎಂದರೇನು? ಇದು ಪಾರಸಿ ಮಾತು. ‘ದರ್’ ಎಂದರೆ ಬಾಗಿಲು; ದರ್ಗಾ ಎಂದರೆ ಬಾಗಿಲಿನ ಎಡೆ, ಹೊಸ್ತಿಲು. ಮಸೀದಿಗೂ ದರ್ಗಾಕ್ಕೂ ವ್ಯತ್ಯಾಸವಿದೆ. ಮಸೀದಿಯು ಮಕ್ಕಾದ ದಿಕ್ಕಿಗೆ ಮುಖಮಾಡಿ ದಿನಕ್ಕೆ 5 ಸಲ ನಮಾಜು ಸಲ್ಲಿಸುವ ಸ್ಥಳ. ದರ್ಗಾ ಸಂತನೊಬ್ಬನ ಸಮಾಧಿಯಿರುವ ಸ್ಥಳ. ಅಲ್ಲಿಗೆ ಬಂದ ಮುಸಲ್ಮಾನರು ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾವನ್ನು ಓದಿ, ಅಗಲಿದ ಸಂತನ ಹೆಸರಿನಲ್ಲಿ ದೇವರಿಗೆ ಮೊರೆಯಿಡುತ್ತಾರೆ. ಸಮಾಧಿಗಳ ಬಳಿ ನಡೆಯುವ ಆಚರಣೆಗಳ ಬಗ್ಗೆ ಮುಸಲ್ಮಾನರಲ್ಲಿಯೇ ಭಿನ್ನಾಭಿಪ್ರಾಯಗಳುಂಟು. ಆದರೂ ನೂರಾರು ವರ್ಷಗಳಿಂದ ಜನಸಾಮಾನ್ಯರು ಇಲ್ಲಿಗೆ ಬರುತ್ತಲೇ ಇದ್ದಾರೆ.

ಇಲ್ಲಿ ಮಲಗಿರುವ ಸಂತರ ಹೆಸರು ಸಯ್ಯದ್ ಮುಹಮ್ಮದ್ ಹುಸೇನಿ. ಅವರು ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ಮುಹಮ್ಮದ್ ಬಿನ್ ತುಘಲಕನು ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದಾಗ ಅವರ ಕುಟುಂಬವೂ ದಖನ್ನಿಗೆ ಬಂದಿತು. ತಂದೆ ಇಲ್ಲಿಯೇ ತೀರಿಕೊಂಡರು. ಹರೆಯದಲ್ಲಿ ದೆಹಲಿಗೆ ಮರಳಿದ ಹುಸೇನಿಯವರು ಚಿಶ್ತಿ ಪರಂಪರೆಯ ಪ್ರಸಿದ್ಧ ಸೂಫಿ ಸಂತ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರಾದರು. 1398ರಲ್ಲಿ ತೈಮೂರನ ದಾಳಿಗೆ ದೆಹಲಿ ತತ್ತರಿಸಿತು. ಎಂಬತ್ತರ ಅಂಚಿನಲ್ಲಿದ್ದ ಆ ವೃದ್ಧರು ಆಗ ನಗರವನ್ನು ತೊರೆದು, ಗುಜರಾತಿನ ಮಾರ್ಗವಾಗಿ ಕಲಬುರಗಿಗೆ ಬಂದರು. ವಿಶ್ರಾಂತಿ ಪಡೆಯಬೇಕಾದ ವಯಸ್ಸಿನಲ್ಲಿ ಅವರು ಹೊಸ ನೆಲದಲ್ಲಿ ಹೊಸ ಬದುಕನ್ನು ಆರಂಭಿಸಿದರು. ಪಾಠ ಹೇಳಿದರು, ಗ್ರಂಥಗಳನ್ನು ರಚಿಸಿದರು, ಬಂದವರ ಕಷ್ಟಸುಖಗಳನ್ನು ಕೇಳಿದರು. ಜನರು ಅವರನ್ನು ‘ಬಂದೇ ನವಾಜ್’, ಎಂದರೆ ಸೇವಕರನ್ನು ಸಲಹುವವರು, ಎಂದು ಕರೆದರು.

ಅವರನ್ನು ಆದರದಿಂದ ಬರಮಾಡಿಕೊಂಡವನು ಫಿರೋಜ್ ಶಹನೇ. ಆದರೆ ಆ ಸ್ನೇಹ ಬಹುಕಾಲ ಉಳಿಯಲಿಲ್ಲ. ಕೋಟೆಯ ಸಮೀಪದಲ್ಲಿದ್ದ ಸಂತರ ನಿವಾಸಕ್ಕೆ ಜನರು ಗುಂಪುಗುಂಪಾಗಿ ಬರುವುದನ್ನು ಕಂಡು ಸುಲ್ತಾನನು ಅಸಮಾಧಾನಗೊಂಡನೆಂದೂ, ಬೇರೆಡೆಗೆ ಹೋಗುವಂತೆ ಅವರಿಗೆ ಸೂಚಿಸಿದನೆಂದೂ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಸಂತರು ಮರುಮಾತಿಲ್ಲದೆ ಊರ ಹೊರಗೆ ಹೋಗಿ ನೆಲೆಸಿದರು. ಜನರೂ ಅವರನ್ನು ಹಿಂಬಾಲಿಸಿದರು. 1422ರಲ್ಲಿ ಸುಲ್ತಾನನೂ ತೀರಿಕೊಂಡನು, ಸಂತರೂ ತೀರಿಕೊಂಡರು. ಹೊಸ ಸುಲ್ತಾನನಾದ ಅಹಮದ್ ಶಹನು ಸಂತರ ಭಕ್ತನಾಗಿದ್ದನು. ಅವನ ಕಾಲದಲ್ಲಿ ಈ ಸಮಾಧಿ ಮಂದಿರವು ನಿರ್ಮಾಣವಾಯಿತು. ಬೆಳಿಗ್ಗೆ ಕಂಡ ಹೂವಿಲ್ಲದ ಗೋರಿಯು ನನ್ನ ನೆನಪಿಗೆ ಬಂದಿತು.

ಮಂದಿರವು ಚೌಕಾಕಾರದ ದೊಡ್ಡ ಕಟ್ಟಡ. ಮೇಲೆ ಎತ್ತರವಾದ ಗುಮ್ಮಟ. ಒಳಗೆ ಚಾದರದಿಂದಲೂ ಗುಲಾಬಿ ಎಸಳುಗಳಿಂದಲೂ ಮುಚ್ಚಿದ ಸಮಾಧಿಯಿದೆ. ಗೋಡೆಗಳಿಗೂ ಕಮಾನುಗಳಿಗೂ ಬಣ್ಣದ ಚಿತ್ತಾರವಿದೆ. ನಾನು ಚಿತ್ತಾರಗಳನ್ನು ನೋಡಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೊರಗೆ ಬಂದೆನು. ಆಗ ಹೊಸ್ತಿಲ ಬಳಿ ಒಬ್ಬ ಹೆಂಗಸು ಕಂಡಳು. ಹಳ್ಳಿಯವಳು, ಹಣೆಯಲ್ಲಿ ಕುಂಕುಮ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು. ಮಡಿಲಲ್ಲಿ ಜ್ವರದಿಂದ ಬಾಡಿದ ಮಗು. ಕಣ್ಣು ಮುಚ್ಚಿ, ಹಣೆಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ, ಸದ್ದಿಲ್ಲದೆ ಅಳುತ್ತಿದ್ದಳು. ಮೇಲಿನಿಂದ ಇಳಿದ ಬಿಸಿಲಿನ ಕೋಲು ಅವಳ ಮುಖದ ಮೇಲೆ ಬಿದ್ದಿತ್ತು. ಎಂತಹ ಸುಂದರ ಚಿತ್ರ! ನಾನು ಕ್ಯಾಮೆರಾವನ್ನು ಎತ್ತಿದೆನು.

ಯಾರೋ ನನ್ನ ಭುಜವನ್ನು ಮೆಲ್ಲನೆ ಮುಟ್ಟಿದರು. ತಿರುಗಿ ನೋಡಿದರೆ, ಬಿಳಿಯ ಗಡ್ಡದ ಮುದುಕರೊಬ್ಬರು ನಿಂತಿದ್ದರು. ಅವರ ದನಿಯಲ್ಲಿ ಕೋಪವಿರಲಿಲ್ಲ. “ಗ್ವಾಡಿ ಫೋಟೋ ತಗೀರಿ, ಸಾಹೇಬ್ರ. ಗ್ವಾಡಿಗಿ ದುಃಖ ಇಲ್ಲ. ಆ ತಾಯಿಗಿ ಅದ” ಎಂದರು.

ನನ್ನ ಕೈ ತಾನಾಗಿಯೇ ಕೆಳಗಿಳಿಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ನನ್ನ ತಂಗಿಯು ಹೀಗೆಯೇ ಕಾಯಿಲೆಯ ಕೂಸನ್ನೆತ್ತಿಕೊಂಡು ನಮ್ಮೂರ ಗುಡಿಯ ಮುಂದೆ ಕುಳಿತಿದ್ದಾಗ, ಅಪರಿಚಿತನೊಬ್ಬನು ಚಿತ್ರ ತೆಗೆಯಲು ಬಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೆ? ಪಾದರಕ್ಷೆಯನ್ನು ಬಿಟ್ಟಿದ್ದೆ, ತಲೆಗೆ ವಸ್ತ್ರವನ್ನೂ ಕಟ್ಟಿದ್ದೆ. ಆದರೆ ಗೌರವವನ್ನು ಮಾತ್ರ ಹೊರಗೇ ಬಿಟ್ಟು ಬಂದಿದ್ದೆ.

“ತಪ್ಪಾಯಿತು, ಚಾಚಾ” ಎಂದೆನು. “ತಪ್ಪ ತಿಳೀತಲ್ಲ, ಅಷ್ಟ ಸಾಕು. ಬರ್ರಿ, ನೆಳ್ಳಿಗಿ ಕೂಡ್ರಿ” ಎಂದು ಅವರು ನಮ್ಮನ್ನು ಕಟ್ಟೆಯ ಮೇಲೆ ಕುಳ್ಳಿರಿಸಿ ಒಂದು ಕತೆಯನ್ನು ಹೇಳಿದರು. ಬಂದೇ ನವಾಜರಿಗೆ ‘ಗೇಸು ದರಾಜ್’ ಎಂಬ ಇನ್ನೊಂದು ಹೆಸರುಂಟು. ಹಾಗೆಂದರೆ ನೀಳಗೂದಲಿನವರು. ಒಮ್ಮೆ ಅವರು ಗುರುಗಳ ಪಲ್ಲಕ್ಕಿಗೆ ಹೆಗಲು ಕೊಟ್ಟಿದ್ದಾಗ ಅವರ ಉದ್ದನೆಯ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಬೇಕಾದರೆ ಪಲ್ಲಕ್ಕಿಯನ್ನು ನಿಲ್ಲಿಸಬೇಕು, ಗುರುಗಳಿಗೆ ತೊಂದರೆಯಾದೀತು. ಆದುದರಿಂದ ನೋವನ್ನು ನುಂಗಿಕೊಂಡು ಅವರು ಹಾಗೆಯೇ ನಡೆದರು. ವಿಷಯ ತಿಳಿದ ಗುರುಗಳು ಪ್ರೀತಿಯಿಂದ ಅವರಿಗೆ ಆ ಹೆಸರನ್ನಿತ್ತರಂತೆ. ಇನ್ನೊಬ್ಬರಿಗೆ ತೊಂದರೆಯಾಗದಿರಲೆಂದು ತಾನು ಕೊಂಚ ನೋವನ್ನು ಸಹಿಸುವುದೇ ಗೌರವವೆಂಬುದನ್ನು ಮುದುಕರು ಕತೆಯ ಮೂಲಕವೇ ನನಗೆ ತಿಳಿಸಿದ್ದರು.

ಪ್ರತಿವರ್ಷವೂ ಇಲ್ಲಿ ನಡೆಯುವ ಉರುಸಿನ ವಿಚಾರವನ್ನೂ ಅವರು ಹೇಳಿದರು. ಇಸ್ಲಾಮೀ ಪಂಚಾಂಗದ ಜಿಲ್ಕಾದ ತಿಂಗಳಿನ 15ರಿಂದ 3 ದಿನಗಳು ಈ ಉತ್ಸವ ನಡೆಯುತ್ತದೆ. ಆ ಪಂಚಾಂಗವು ಚಂದ್ರನನ್ನು ಅನುಸರಿಸುವುದರಿಂದ ಉರುಸು ನಮ್ಮ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಸುಮಾರು 11 ದಿನ ಮುಂಚಿತವಾಗಿ ಬರುತ್ತದೆ. ಮೊದಲ ದಿನ ಗಂಧದ ಮೆರವಣಿಗೆ, ಎರಡನೆಯ ದಿನ ದೀಪೋತ್ಸವ. ‘ಉರುಸ್’ ಎಂದರೆ ಅರಬ್ಬಿಯಲ್ಲಿ ಮದುವೆ ಎಂದರ್ಥ. ಸಂತನ ಮರಣವು ಅಗಲಿಕೆಯಲ್ಲ, ದೇವರೊಡನೆ ಕೂಡುವ ಮಂಗಳ ಮುಹೂರ್ತವೆಂದು ಸೂಫಿಗಳ ಭಾವನೆ. ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ವರಿಸಿದ ಅಕ್ಕಮಹಾದೇವಿಯ ನಾಡಿನವರಾದ ನಮಗೆ ಈ ಭಾವನೆ ಅಪರಿಚಿತವೇನಲ್ಲ.

ಹೊರಡುವ ಹೊತ್ತಾಯಿತು. ಆ ತಾಯಿ ಮಗುವನ್ನೆತ್ತಿಕೊಂಡು ನಮ್ಮ ಕಡೆಗೇ ಬಂದಳು. ಕಣ್ಣೊರಸಿಕೊಂಡ ಮುಖದಲ್ಲಿ ಈಗ ಒಂದು ಬಗೆಯ ನೆಮ್ಮದಿಯಿತ್ತು. ಸೆರಗಿನ ತುದಿಯ ಗಂಟನ್ನು ಬಿಚ್ಚಿ ಅಲ್ಲಿದ್ದವರಿಗೆಲ್ಲ ಒಂದೊಂದು ಚಿಟಿಕೆ ಸಕ್ಕರೆಯನ್ನು ಹಂಚಿದಳು. ನನ್ನ ಮುಂದೆಯೂ ನಿಂತಳು. ನಾನು ಎತ್ತಿದ ಕ್ಯಾಮೆರಾವನ್ನು ಅವಳು ಕಂಡಿರಲಿಲ್ಲ. ಎರಡೂ ಕೈಗಳನ್ನೊಡ್ಡಿ ಸಕ್ಕರೆಯನ್ನು ತೆಗೆದುಕೊಂಡೆನು. “ಮಗುವಿಗೆ ಬೇಗ ಗುಣವಾಗಲಿ, ತಾಯಿ. ಆಸ್ಪತ್ರೆಗೂ ತೋರಿಸಿ” ಎಂದೆನು. “ಅಲ್ಲಿಂದೇ ಬಂದೀನ್ರಿ, ಯಪ್ಪಾ” ಎಂದು ಅವಳು ನಕ್ಕು ಮುಂದೆ ನಡೆದಳು.

ಸಂಜೆಯ ಗಾಡಿ ಹೊರಟಿತು. ನನ್ನ ಪಟ್ಟಿಯಲ್ಲಿದ್ದ ಎಷ್ಟೋ ಸ್ಥಳಗಳು ಹಾಗೆಯೇ ಉಳಿದವು. ಕ್ಯಾಮೆರಾದಲ್ಲಿ ಕೋಟೆಯಿತ್ತು, ಗೋರಿಗಳಿದ್ದವು, ಕಮಾನುಗಳಿದ್ದವು. ಆ ತಾಯಿಯ ಚಿತ್ರವಿರಲಿಲ್ಲ. ಆದರೆ ಆ ದಿನದ ಪ್ರವಾಸದಲ್ಲಿ ಇಂದಿಗೂ ನನ್ನ ಕಣ್ಣ ಮುಂದೆ ನಿಲ್ಲುವ ಚಿತ್ರ ಅದೊಂದೇ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ದರ್ಗಾ’ ಎಂಬ ಮಾತಿನ ಅರ್ಥವೇನು?
2. ಬಂದೇ ನವಾಜರು ದೆಹಲಿಯನ್ನು ಏಕೆ ತೊರೆದರು?
3. ಕಲಬುರಗಿಯ ಜಾಮಿ ಮಸೀದಿಯ ವೈಶಿಷ್ಟ್ಯವೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಗೇಸು ದರಾಜ್’ ಎಂಬ ಹೆಸರು ಬಂದ ಕತೆಯನ್ನು ಬರೆಯಿರಿ.
2. ಸುಲ್ತಾನನ ಗೋರಿಗೂ ಸಂತರ ಸಮಾಧಿಗೂ ಲೇಖಕರು ಕಂಡ ವ್ಯತ್ಯಾಸವೇನು?

ಇ. ಸಂದರ್ಭ ಸೂಚಿಸಿ ವಿವರಿಸಿರಿ.
1. “ಗ್ವಾಡಿಗಿ ದುಃಖ ಇಲ್ಲ.”
2. “ಇದು ಇನ್ನೊಬ್ಬರ ನಂಬಿಕೆಯ ಮನೆ.”

ಈ. ನಿಮ್ಮ ಊರಿನಲ್ಲಿ ಬೇರೆ ಬೇರೆ ಮತದವರು ಕೂಡಿ ನಡೆಸುವ ಉತ್ಸವವೊಂದನ್ನು ಕುರಿತು ಒಂದು ಪುಟ ಬರೆಯಿರಿ.