ಹಸುವಿನ ಯಕೃತ್ತು ಹಿಗ್ಗಿದೆಯೇ? ಅಲ್ಟ್ರಾಸೌಂಡ್ ಚಿತ್ರದಲ್ಲಿ ಕಾಣುವುದೇನು

ಯಲಹಂಕ, ಜಕ್ಕೂರು, ಹೆಬ್ಬಾಳದ ಕಡೆ ಕೆರೆಯಂಚಿನ ಹುಲ್ಲು ಮೇಯುವ ಹಸುವಿಗೆ ದವಡೆಯ ಕೆಳಗೆ ನೀರು ತುಂಬಿದಂತೆ ಬಾವು ಬಂದರೆ, ಯಕೃತ್ತಿನ ಹುಳುವಿನ ಬಾಧೆಯೆಂದು ಕೂಡಲೇ ಜಂತುನಾಶಕ ಕುಡಿಸುವುದುಂಟು. ಈ ಊಹೆ ಎಷ್ಟೋ ಸಲ ಸರಿಯೇ. ಕೆರೆಯ ಬಸವನಹುಳುವಿನಲ್ಲಿ ಬೆಳೆದ ಮರಿಹುಳುಗಳು ಹುಲ್ಲಿಗೆ ಅಂಟಿಕೊಂಡು ರಾಸಿನ ಹೊಟ್ಟೆ ಸೇರುತ್ತವೆ. ಆದರೆ ಮೇವಿನೊಡನೆ ನುಂಗಿದ ತಂತಿ ಅಥವಾ ಮೊಳೆ ಹೊಟ್ಟೆಯ ಗೋಡೆಯನ್ನು ಚುಚ್ಚಿಕೊಂಡು ಹೋಗಿ ಹೃದಯದ ಪೊರೆಯಲ್ಲಿ ಕೀವು ಕಟ್ಟಿದಾಗಲೂ ಇಂಥದೇ ಬಾವು ಬರುತ್ತದೆ. ಕಟ್ಟಡಗಳ ನಡುವೆ ಮೇಯುವ ನಗರದಂಚಿನ ರಾಸುಗಳಲ್ಲಿ ಇದನ್ನು ಮರೆಯುವಂತಿಲ್ಲ. ಎರಡರಲ್ಲೂ ಯಕೃತ್ತು ಹಿಗ್ಗಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ.

ಹಸುವಿನ ಯಕೃತ್ತು ಬಲಮಗ್ಗುಲಲ್ಲಿ ಪಕ್ಕೆಲುಬುಗಳ ಮರೆಯಲ್ಲಿದೆ. ತೀರಾ ಊದಿದ ಹೊರತು ಕೈಗೆ ಸಿಗದು. ದೊಡ್ಡ ರಾಸಿನ ಯಕೃತ್ತನ್ನು ನೋಡಲು ಎಕ್ಸರೇಯೂ ಅಷ್ಟಾಗಿ ಒದಗದು. ಹಸುವನ್ನು ನಿಲ್ಲಿಸಿಕೊಂಡು, ಕೂದಲು ತೆಗೆದು, ಜೆಲ್ ಹಚ್ಚಿ, ಹಿಂದಿನ ಪಕ್ಕೆಲುಬುಗಳ ಸಂದಿನಲ್ಲಿ ಅಲ್ಟ್ರಾಸೌಂಡ್ ಮಾಡುವುದೇ ಮೇಲು.

ಆರೋಗ್ಯವಂತ ಯಕೃತ್ತು ಒಂದೇ ಸಮನೆ ಬೂದುಬಣ್ಣವಾಗಿ ಕಾಣುತ್ತದೆ. ಅದರ ಕೆಳ ಅಂಚು ಚೂಪು. ಹಿಗ್ಗಿದಾಗ ಆ ಅಂಚು ದುಂಡಗಾಗುತ್ತದೆ, ಕೆಳಕ್ಕೂ ಹಿಂದಕ್ಕೂ ಸರಿದು ಕೊನೆಯ ಪಕ್ಕೆಲುಬನ್ನೂ ದಾಟಬಹುದು. ರಾಸಿನ ಗಾತ್ರಕ್ಕೆ ತಕ್ಕಂತೆ ಅಳತೆ ಬದಲಾಗುವುದರಿಂದ ಅಂಚಿನ ಆಕಾರವೇ ಹೆಚ್ಚು ನಂಬಿಕೆಗೆ ಅರ್ಹ.

ಇನ್ನು ಕಾರಣ. ಹೃದಯಕ್ಕೆ ತೊಂದರೆಯಾಗಿದ್ದರೆ ಯಕೃತ್ತಿನೊಳಗಿನ ರಕ್ತನಾಳಗಳು ಅಗಲವಾಗಿರುತ್ತವೆ. ಸಾಮಾನ್ಯವಾಗಿ ತ್ರಿಕೋನವಾಗಿ ಕಾಣುವ ದೊಡ್ಡ ಅಭಿಧಮನಿ ಉರುಟಾಗುತ್ತದೆ. ಹುಳುವಿನ ಬಾಧೆಯಲ್ಲಿ ಪಿತ್ತನಾಳಗಳ ಗೋಡೆ ದಪ್ಪನಾಗಿ ಬೆಳ್ಳಗೆ ಎದ್ದು ಕಾಣುತ್ತದೆ. ಬಾಧೆ ಹಳೆಯದಾದರೆ ಯಕೃತ್ತಿನ ಭಾಗಗಳು ಗಟ್ಟಿಯಾಗಿ ಕುಗ್ಗುವುದೂ ಉಂಟು, ಆದ್ದರಿಂದ ಯಕೃತ್ತು ಹಿಗ್ಗಿಲ್ಲವೆಂದು ಹುಳುವಿಲ್ಲವೆನ್ನಲಾಗದು. ಕರು ಹಾಕಿದ ಹೊಸತರಲ್ಲಿ ಹೆಚ್ಚು ಹಾಲಿನ ಮಿಶ್ರತಳಿ ಹಸುವಿನ ಯಕೃತ್ತು ಹಿಗ್ಗಿ, ಮೇಲ್ಭಾಗ ಬೆಳ್ಳಗೆ, ಆಳ ಮಸುಕಾಗಿ ಕಂಡರೆ ಕೊಬ್ಬು ತುಂಬಿದೆಯೆಂದು ಶಂಕಿಸಬೇಕು.

ಕೊಟ್ಟಿಗೆಯಲ್ಲಿಯೇ ರೈತರು ನೋಡಬಹುದಾದದ್ದೂ ಇದೆ. ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿ, ಹಸು ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಂತಿದ್ದರೆ ತಂತಿಯ ಅನುಮಾನ ಪಡಿರಿ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದ್ದರೆ ಹುಳುವಿನದು. ಸೆಗಣಿ ಪರೀಕ್ಷೆ ಮಾಡಿಸಿರಿ, ಆದರೆ ಹುಳು ಸೇರಿದ ಮೊದಲ ಸುಮಾರು ಮೂರು ತಿಂಗಳು ಸೆಗಣಿಯಲ್ಲಿ ಮೊಟ್ಟೆ ಸಿಗದು. ಅನುಮಾನ ಉಳಿದರೆ ಔಷಧಿ ಕುಡಿಸುತ್ತ ದಿನ ಕಳೆಯದೆ, 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹಸುವನ್ನು ಕರೆದೊಯ್ಯಿರಿ. ಹೃದಯದ ಪೊರೆಯಲ್ಲಿ ಕೀವು ತುಂಬಿದ ಮೇಲೆ ಹಸು ಉಳಿಯುವುದು ಅಪರೂಪ.