ಸಂಘದ ಸದಸ್ಯತ್ವ, ಸ್ಕಾಲರ್‌ಶಿಪ್‌ನ ದಾರಿ: ಬೆಳಗಾವಿ–ಖಾನಾಪುರ ಕಲಿಸಿದ ಒಂಬತ್ತು ಪಾಠಗಳು

ಬೆಳಗಾವಿಯ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುತ್ತ, ಅಲ್ಲಿನ ವಾಣಿಜ್ಯ ಸಂಘ ಮತ್ತು ಉದ್ಯಮಶೀಲತಾ ಘಟಕದ ಹೊಣೆ ಹೊತ್ತು ಬಂದವನು ನಾನು. ನಮ್ಮ ಬಿಕಾಂ, ಬಿಬಿಎ ತರಗತಿಗಳಲ್ಲಿ ಖಾನಾಪುರ ತಾಲ್ಲೂಕಿನ ನಂದಗಡ, ಬೀಡಿ, ಇಟಗಿ, ಜಾಂಬೋಟಿ, ಲೋಂಡಾ ಕಡೆಯ ಮಕ್ಕಳು ಯಾವ ವರ್ಷವೂ ಇದ್ದೇ ಇರುತ್ತಾರೆ. ಕೆಲವರ ಮನೆಮಾತು ಕನ್ನಡ, ಹಲವರದು ಮರಾಠಿ. ಫೀ ಕಟ್ಟುವ ತಿಂಗಳು ಬಂದರೆ ಮಾತ್ರ ಎಲ್ಲರ ಮುಖದಲ್ಲೂ ಒಂದೇ ಚಿಂತೆ. ಓದು ಬಿಟ್ಟು ಗೋವಾದ ಹೋಟೆಲ್ ಕೆಲಸಕ್ಕೆ ಹೊರಟುಬಿಡುವ ಯೋಚನೆ ಖಾನಾಪುರದ ಹುಡುಗರಿಗೆ ಬಲು ಬೇಗ ಬರುತ್ತದೆ. ಅಂಥವರು ಓದು ಮುಗಿಸಲು ವಿದ್ಯಾರ್ಥಿಗಳ ಸಂಘ ಎಷ್ಟು ನೆರವಾಗಬಲ್ಲದು ಎಂಬುದನ್ನು ಕಣ್ಣಾರೆ ಕಂಡು ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ಸದಸ್ಯತ್ವ ಏನು ಕೊಡುತ್ತದೆ ಎಂದು ಮೊದಲೇ ತಿಳಿಸಿ ಹೇಳಬೇಕು

ಅಮೆರಿಕದಲ್ಲಿ 1946ರಿಂದ ಡೆಕಾ ಎಂಬ ವಿದ್ಯಾರ್ಥಿ ವ್ಯಾಪಾರ ಸಂಘಟನೆ ಇದೆ. ಅದರ ಸದಸ್ಯರಿಗೆಂದೇ ಕಂಪನಿಗಳು ಪ್ರತಿವರ್ಷ ಸ್ಕಾಲರ್‌ಶಿಪ್ ಕೊಡುತ್ತವೆ. ನಮ್ಮಲ್ಲಿ ಹಾಗಿಲ್ಲ. ನಮ್ಮ ಸರ್ಕಾರಿ ವಿದ್ಯಾರ್ಥಿವೇತನಗಳು ಜಾತಿ, ಆದಾಯ, ಅಂಕ, ತಂದೆ-ತಾಯಿಯ ಉದ್ಯೋಗ ಇವನ್ನು ನೋಡುತ್ತವೆಯೇ ಹೊರತು ವಾಣಿಜ್ಯ ಸಂಘ, ಇ-ಸೆಲ್ (ಉದ್ಯಮಶೀಲತಾ ಘಟಕ), ರೋಟರ‍್ಯಾಕ್ಟ್‌ಗಳ ಸದಸ್ಯತ್ವವನ್ನಲ್ಲ. ಇದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡುತ್ತೇನೆ.

ಹಾಗಾದರೆ ಸಂಘಕ್ಕೆ ಸೇರಿ ಸಿಗುವುದೇನು? ಅರ್ಜಿಯ ಸುದ್ದಿ ಹೊತ್ತಿಗೆ ಸರಿಯಾಗಿ ಕಿವಿಗೆ ಬೀಳುತ್ತದೆ. ಕಾಗದಪತ್ರ ತಿದ್ದಿಸಿಕೊಳ್ಳಲು ಜೊತೆಗಾರರು ಸಿಗುತ್ತಾರೆ. ಸಣ್ಣ ವ್ಯವಹಾರ ನಡೆಸಿದ ಅನುಭವ ಸಿಗುತ್ತದೆ. ಶಿಫಾರಸು ಪತ್ರ ಬೇಕಾದಾಗ ಹುಡುಗನ ಗುಣ ಬಲ್ಲವರು ಅದನ್ನು ಬರೆಯುತ್ತಾರೆ. ಬಡ ಮನೆಯ ಮಗುವಿಗೆ ಈ ನಾಲ್ಕೂ ಹಣದಷ್ಟೇ ಬೆಲೆಯುಳ್ಳವು.

2. ಕಾಗದದ ಕೆಲಸ ಜೂನ್‌ನಲ್ಲಿ, ಅರ್ಜಿಯ ಕೆಲಸ ಆಮೇಲೆ

ನಾನು ಕಂಡಂತೆ ಸ್ಕಾಲರ್‌ಶಿಪ್ ತಪ್ಪುವುದು ಅಂಕ ಕಡಿಮೆಯಾಗಿ ಅಲ್ಲ, ಹೆಸರು ಹೊಂದದೆ. ಖಾನಾಪುರದ ಮರಾಠಿ ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಒಂದು ಕ್ರಮದಲ್ಲಿರುತ್ತವೆ. ಆಧಾರ್‌ನಲ್ಲಿ ಅಡ್ಡಹೆಸರೇ ಮುಂದೆ ಬಂದಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಇಂಗ್ಲಿಷ್ ಅಕ್ಷರಗಳು ಇನ್ನೊಂದು ಬಗೆ. ‘ಸರ, ಕಂಪ್ಯೂಟರ್‌ದಾಗ ಹೆಸರು ಕೂಡವಲ್ದು’ ಎಂದು ಕೊನೆಯ ದಿನ ಓಡಿಬರುವ ಮಗುವಿಗೆ ಆಗ ಯಾರೂ ಏನೂ ಮಾಡಲಾರರು. ಆಧಾರ್ ತಿದ್ದುಪಡಿಗೆ ಅದರದೇ ಸಮಯ ಬೇಕು.

ಆದ್ದರಿಂದ ಪ್ರವೇಶ ಮುಗಿದ ವಾರವೇ ನಮ್ಮ ಸಂಘದ ಹಿರಿಯ ವಿದ್ಯಾರ್ಥಿಗಳು ಹೊಸಬರ ಕಾಗದಗಳನ್ನು ಸಾಲಾಗಿ ಹರಡಿಕೊಂಡು ಕೂರುತ್ತಾರೆ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಅದರ ಮೇಲಿನ ಆರ್‌ಡಿ ನಂಬರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಅಕ್ಷರ ಅಕ್ಷರವಾಗಿ ತಾಳೆ ನೋಡುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಹೈಸ್ಕೂಲಿನಲ್ಲಿದ್ದಾಗ ತೆಗೆಸಿದ್ದು ಪದವಿಯ ನಡುವೆ ಮುಗಿದುಹೋಗುತ್ತದೆ. ಈ ತಾರೀಕನ್ನು ಆಗಲೇ ಬರೆದಿಟ್ಟುಕೊಂಡರೆ ಮುಂದಿನ ವರ್ಷದ ಗಡಿಬಿಡಿ ತಪ್ಪುತ್ತದೆ.

3. ಹಣ ಖಾತೆಗೆ ಬರುವುದಿಲ್ಲ, ಆಧಾರ್‌ಗೆ ಬರುತ್ತದೆ

ಪಾಸ್‌ಬುಕ್ ಇದ್ದರೆ ಸಾಕು ಎಂದು ಮನೆಯವರು ತಿಳಿದಿರುತ್ತಾರೆ. ಆದರೆ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಿಂದ ಮಂಜೂರಾದ ಹಣ ಆಧಾರ್ ಜೋಡಣೆಯಾದ ಖಾತೆಗೆ ಮಾತ್ರ ಜಮಾ ಆಗುತ್ತದೆ. ಎರಡು-ಮೂರು ಬ್ಯಾಂಕಿನಲ್ಲಿ ಖಾತೆಯಿದ್ದರೆ, ಕೊನೆಯದಾಗಿ ಯಾವುದಕ್ಕೆ ಜೋಡಿಸಿದ್ದೀರೋ ಅಲ್ಲಿಗೇ ಹೋಗುತ್ತದೆ. ಬರೀ ಕೆವೈಸಿ ಮಾಡಿಸುವುದು ಬೇರೆ, ಹಣ ಬರುವ ಖಾತೆಗೆ ಆಧಾರ್ ಸೇರಿಸುವ ಎನ್‌ಪಿಸಿಐ ಜೋಡಣೆ ಮಾಡಿಸುವುದು ಬೇರೆ. ಬ್ಯಾಂಕಿನ ಕೌಂಟರ್‌ನಲ್ಲಿ ಈ ಎರಡನೆಯದನ್ನೇ ಹೆಸರಿಟ್ಟು ಕೇಳಬೇಕು. ಮೊಬೈಲ್‌ನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡರೆ ಯಾವ ಇಲಾಖೆಯ ಹಣ ಯಾವ ಖಾತೆಗೆ ಬಂತು ಎಂಬುದು ಕಾಣುತ್ತದೆ. ಹಣ ಬಂದು ಮರೆತ ಖಾತೆಯಲ್ಲಿ ಮಲಗಿದ್ದನ್ನು ಹೀಗೆ ಹುಡುಕಿಕೊಂಡವರು ನಮ್ಮಲ್ಲಿದ್ದಾರೆ.

4. ಯಾವ ಯೋಜನೆ ಯಾರಿಗೆ ಎಂಬ ಪಟ್ಟಿ ಗೋಡೆಯ ಮೇಲಿರಬೇಕು

ವಾಣಿಜ್ಯದ ಮಕ್ಕಳಿಗೆ ಸಿಗಬಹುದಾದ ನೆರವು ಹಲವು ಇಲಾಖೆಗಳಲ್ಲಿ ಹರಡಿಕೊಂಡಿದೆ. ಪಿಯುಸಿಯಲ್ಲಿ ತಮ್ಮ ವಿಭಾಗದ ಮೇಲಿನ ಶೇ 20ರೊಳಗೆ ಬಂದು, ಮನೆಯ ಆದಾಯ 4.5 ಲಕ್ಷ ರೂಪಾಯಿ ದಾಟದವರಿಗೆ ಕೇಂದ್ರದ ವಿದ್ಯಾರ್ಥಿವೇತನ ಇದೆ. ಪದವಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ-ವಸತಿಗೆಂದು ಹತ್ತು ತಿಂಗಳು ನೆರವು ಸಿಗುತ್ತದೆ. ರೈತ ವಿದ್ಯಾನಿಧಿ 2021ರಲ್ಲಿ ಬಂದಾಗ ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ಗೊತ್ತುಮಾಡಲಾಯಿತು. ಮುಂದೆ ಅದು ಕೃಷಿ ಕಾರ್ಮಿಕರ, ನೇಕಾರರ ಮಕ್ಕಳಿಗೂ ವಿಸ್ತರಿಸಿತು. ವಡಗಾವಿಯ ಮಗ್ಗದ ಮನೆಗಳ ಮಕ್ಕಳು ಇದನ್ನು ತಿಳಿದಿರಲೇಬೇಕು. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸಹಾಯಧನವೂ ಇದೆ.

ರೈತ ವಿದ್ಯಾನಿಧಿಗೆ ತಂದೆ ಅಥವಾ ತಾಯಿಯ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಬೇಕು. ಖಾನಾಪುರದ ಎಷ್ಟೋ ಮನೆಗಳಲ್ಲಿ ಜಮೀನಿನ ಉತಾರ (ಪಹಣಿ) ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಪ್ಪ ದಿನವಿಡೀ ಗದ್ದೆಯಲ್ಲಿ ದುಡಿದರೂ ಕಾಗದದ ಲೆಕ್ಕದಲ್ಲಿ ರೈತನಲ್ಲ. ವಾರಸಾ ಮಾಡಿಸಿ ಜಮೀನನ್ನು ನಿಮ್ಮ ಹೆಸರಿಗೆ ತಂದುಕೊಳ್ಳಿ ಎಂದು ಪಾಲಕರ ಸಭೆಯಲ್ಲಿ ಹೇಳುವುದು ವಾಣಿಜ್ಯ ಸಂಘದ ಕೆಲಸವೇ ಎಂದು ಕೆಲವರು ಕೇಳುತ್ತಾರೆ. ಹೌದು, ಅದು ಸಂಘದ ಕೆಲಸವೇ.

5. ಹೆಣ್ಣುಮಕ್ಕಳ ಪಟ್ಟಿಯನ್ನು ಬೇರೆಯಾಗಿಯೇ ಇಡಬೇಕು

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಖಾನಾಪುರದಿಂದ ಬೆಳಗಾವಿಗೆ ಬರುವ ಹುಡುಗಿಯರ ಬಸ್ ಖರ್ಚು ಇಳಿಯಿತು. ಸಂಜೆಯ ಸಭೆಗೆ ನಿಲ್ಲುವುದಕ್ಕೆ ಮಾತ್ರ ಮನೆಯ ಒಪ್ಪಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ‘ನಮ್ಮ ಹುಡುಗಿ ಸಂಘ-ಗಿಂಘ ಅಂತ ತಿರಗೋದು ಬ್ಯಾಡ್ರಿ ಸರ’ ಎಂದ ತಂದೆಯರಿದ್ದಾರೆ. ಅವರ ಮಾತಿನಲ್ಲಿರುವುದು ಕಾಳಜಿ. ಅದಕ್ಕೆ ಉತ್ತರವಾಗಿ ನಾವು ಸಂಘದ ಸಭೆಗಳನ್ನೆಲ್ಲ ಮಧ್ಯಾಹ್ನದ ಬಿಡುವಿಗೆ ತಂದೆವು. ಕಡೆಯ ಬಸ್ಸಿನ ವೇಳೆ ನೋಡಿ ಕಾರ್ಯಕ್ರಮ ಗೊತ್ತುಮಾಡುವುದು ಈಗ ನಿಯಮ.

ಹಣದ ಬಾಗಿಲುಗಳೂ ಅವರಿಗೆ ಹೆಚ್ಚಾಗಿ ತೆರೆದಿವೆ. ಬಿಬಿಎ, ಬಿಸಿಎ ಕೋರ್ಸುಗಳು 2024ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಬಂದ ಮೇಲೆ ಆ ಕೋರ್ಸುಗಳ ಹುಡುಗಿಯರಿಗೆ ವರ್ಷಕ್ಕೆ 25,000 ರೂಪಾಯಿಯ ಸರಸ್ವತಿ ವಿದ್ಯಾರ್ಥಿವೇತನ ಶುರುವಾಯಿತು. ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಓದಿ ಬಂದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಇದೇ ನೆರವು ನಮ್ಮ ರಾಜ್ಯದಲ್ಲಿ 2025ರಲ್ಲಿ ದೀಪಿಕಾ ಹೆಸರಿನಲ್ಲಿ ಚಾಲನೆ ಪಡೆಯಿತು. ಈ ಮೊತ್ತಗಳನ್ನು ಒಂದು ಹಾಳೆಯಲ್ಲಿ ಬರೆದು ತಂದೆ-ತಾಯಿಯ ಕೈಗೆ ಕೊಟ್ಟಾಗ, ಮದುವೆಯ ಮಾತು ಎರಡು ವರ್ಷ ಮುಂದೆ ಹೋದ ಮನೆಗಳನ್ನು ನಾನು ಬಲ್ಲೆ.

6. ಹಾಜರಿ ಕಳೆದುಕೊಂಡು ಸಂಘ ಕಟ್ಟಬಾರದು

ಫೆಸ್ಟ್, ಸ್ಟಾಲ್, ಸ್ಪರ್ಧೆ ಎಂದು ಓಡಾಡುವ ಚುರುಕಿನ ಮಕ್ಕಳೇ ಹಾಜರಿ ಕಳೆದುಕೊಳ್ಳುವುದು. ಮೇಲೆ ಹೇಳಿದ ಕೇಂದ್ರದ ವಿದ್ಯಾರ್ಥಿವೇತನವನ್ನು ಪ್ರತಿವರ್ಷ ನವೀಕರಿಸಬೇಕು. ಅದಕ್ಕೆ ಶೇ 50 ಅಂಕ, ಶೇ 75 ಹಾಜರಿ ಬೇಕು. ಮೊದಲ ವರ್ಷ ಪಡೆದು ಎರಡನೆಯ ವರ್ಷ ಬಿಟ್ಟುಕೊಟ್ಟವರು ಅರ್ಹತೆಯಿಲ್ಲದವರಲ್ಲ, ನವೀಕರಣದ ನೆನಪಿಲ್ಲದವರು. ಸಂಘದ ಕೆಲಸಕ್ಕೆ ಹೋದ ದಿನದ ಪತ್ರವನ್ನು ಅದೇ ವಾರ ವಿಭಾಗಕ್ಕೆ ಸಲ್ಲಿಸುವ ಶಿಸ್ತು ಕಾರ್ಯದರ್ಶಿಯ ಮೇಲಿರಲಿ.

7. ಒಂದು ಸಣ್ಣ ವ್ಯವಹಾರ ಹತ್ತು ಪ್ರಮಾಣಪತ್ರಕ್ಕಿಂತ ಮೇಲು

ಸಂದರ್ಶನಕ್ಕೆ ಕುಳಿತ ಮಗು ‘ನಾನು ಸಂಘದ ಉಪಾಧ್ಯಕ್ಷ’ ಎಂದರೆ ಕೇಳುವವರಿಗೆ ಅಷ್ಟೇನೂ ಅನ್ನಿಸುವುದಿಲ್ಲ. ‘ಜಾಂಬೋಟಿ ಕಡೆಯ ಗೋಡಂಬಿ ತಂದು ಪೊಟ್ಟಣ ಕಟ್ಟಿ ಮಾರಿದೆವು, ಇಷ್ಟು ಬಂಡವಾಳ, ಇಷ್ಟು ಲಾಭ, ಇಷ್ಟು ಹಾಳಾಯಿತು’ ಎಂದರೆ ಅವರು ನೆಟ್ಟಗೆ ಕೂರುತ್ತಾರೆ. ಖಾನಾಪುರದ ಕಾಡಂಚಿನಲ್ಲಿ ಗೋಡಂಬಿ, ಹಲಸು, ಕೋಕಂ, ಬಿದಿರು ಇವೆ. ಖಾನಾಪುರ ಪಟ್ಟಣದಲ್ಲೇ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವಿದೆ. ವ್ಯಾಪಾರದ ವಿಷಯ ಹುಡುಕಿ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ನಡೆಸುವ ಲೀಡ್ ಕಾರ್ಯಕ್ರಮ ಉತ್ತರ ಕರ್ನಾಟಕದ ಕಾಲೇಜು ಮಕ್ಕಳಿಗೆ ಇದೇ ದಾರಿ ತೋರಿಸಿತು. ವಿದ್ಯಾರ್ಥಿ ತನ್ನ ಯೋಜನೆ ಮಂಡಿಸುತ್ತಾನೆ, ಸಣ್ಣ ಆರಂಭಧನ ಪಡೆಯುತ್ತಾನೆ, ಕೆಲಸ ಮಾಡಿ ವರದಿ ಒಪ್ಪಿಸುತ್ತಾನೆ. ತಿನ್ನುವ ಪದಾರ್ಥ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಸಣ್ಣ ವ್ಯಾಪಾರಿಗೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಓದು ಮುಗಿದ ಮೇಲೆ ಇದನ್ನೇ ಮುಂದುವರಿಸುವವರಿಗೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ. ಕಿರು ಆಹಾರ ಉದ್ಯಮಗಳಿಗೆಂದು 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಗೆ ಗೊತ್ತಾದ ಉತ್ಪನ್ನ ಬೆಲ್ಲ. ಅದರಲ್ಲಿ ಕೇಂದ್ರದ ಶೇ 35ರ ಸಹಾಯಧನಕ್ಕೆ ನಮ್ಮ ರಾಜ್ಯ ಶೇ 15 ಸೇರಿಸಿತು. ಈ ಅರ್ಜಿಗಳ ಹಿಂದೆ ಕಾಲೇಜಿನ ದಿನಗಳಲ್ಲಿ ತಾವೇ ಬರೆದ ಖಾತೆ ಪುಸ್ತಕವಿದ್ದರೆ ಬ್ಯಾಂಕಿನ ಮ್ಯಾನೇಜರ್ ಜೊತೆಗಿನ ಮಾತು ಬೇರೆಯೇ ಆಗಿರುತ್ತದೆ.

8. ಸಂಘದ ಲೆಕ್ಕ ಎಲ್ಲರ ಮುಂದೆ

ಸದಸ್ಯತ್ವದ ಹಣ ಚಿಕ್ಕದಿರಬಹುದು. ಖಾನಾಪುರದಿಂದ ಪಾಸ್ ಹಿಡಿದು ಬರುವ ಹುಡುಗನಿಗೆ ಅದು ಒಂದು ವಾರದ ಚಹಾ-ತಿಂಡಿ. ಅದಕ್ಕೆ ರಸೀದಿ ಕೊಡಬೇಕು, ಜಂಟಿ ಖಾತೆಯಲ್ಲಿಡಬೇಕು, ಪ್ರತಿ ಖರ್ಚಿಗೂ ಬಿಲ್ ಇರಬೇಕು, ವರ್ಷದ ಕೊನೆಗೆ ಜಮಾ-ಖರ್ಚನ್ನು ಸಭೆಯಲ್ಲಿ ಓದಬೇಕು. ಉಳಿದ ಹಣದಿಂದ ಪರೀಕ್ಷಾ ಶುಲ್ಕ ಕಟ್ಟಲಾಗದವರಿಗೆ ನೆರವಾಗುವ ನಿಧಿ ಮಾಡಬಹುದು. ಪಡೆದವರ ಹೆಸರು ಅಧ್ಯಾಪಕರೊಬ್ಬರಿಗೆ ಮಾತ್ರ ಗೊತ್ತಿರಲಿ, ಮೊತ್ತ ಎಲ್ಲರಿಗೂ ಗೊತ್ತಿರಲಿ. ಲೆಕ್ಕ ಶುದ್ಧವಿದ್ದಲ್ಲಿ ಹೊರಗಿನ ದಾನಿಗಳೂ ಬರುತ್ತಾರೆ. ಉದ್ಯಮಬಾಗದ ಫೌಂಡ್ರಿ ಮಾಲೀಕರು, ಊರಿನ ಸೌಹಾರ್ದ ಸಹಕಾರಿಗಳು ಮೊದಲು ಕೇಳುವುದೇ ‘ಹೋದ ವರ್ಷದ ಲೆಕ್ಕ ತೋರಿಸ್ರಿ’ ಎಂದು.

ಹಣದ ವಿಷಯದಲ್ಲಿ ಇನ್ನೊಂದು ಎಚ್ಚರ. ಸ್ಕಾಲರ್‌ಶಿಪ್ ಮಂಜೂರಾಗಿದೆ, ಮುಂಗಡ ಶುಲ್ಕ ಕಟ್ಟಿ, ಒಟಿಪಿ ಹೇಳಿ ಎಂದು ಬರುವ ಕರೆ ಮೋಸದ್ದು. ಯಾವ ಸರ್ಕಾರಿ ವಿದ್ಯಾರ್ಥಿವೇತನಕ್ಕೂ ಫೋನಿನಲ್ಲಿ ಹಣ ಕೇಳುವುದಿಲ್ಲ.

9. ಪಡೆದವರು ಕೊಡುವವರಾಗಬೇಕು

ಈ ನೆಲದಲ್ಲಿ ವಿದ್ಯಾರ್ಥಿವೇತನದ ಪರಂಪರೆ ಹೊಸದಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಶಿಕ್ಷಣಕ್ಕೆಂದು ಬಿಟ್ಟುಹೋದರು. ಅವರ ಟ್ರಸ್ಟಿನ ನೆರವಿನಿಂದ ಓದಿದವರು ನಾಡಿನ ತುಂಬ ಇದ್ದರು. 1933ರಲ್ಲಿ ಶುರುವಾದ ಬೆಳಗಾವಿಯ ಲಿಂಗರಾಜ ಕಾಲೇಜು ಅವರದೇ ಹೆಸರು ಹೊತ್ತಿದೆ. 1916ರಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದವರು ಏಳು ಮಂದಿ ಶಿಕ್ಷಕರು. ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಬಡ ಮಕ್ಕಳಿಗೆ ಲೆಕ್ಕವಿಲ್ಲ. ಹಣವಿದ್ದವರು ಹಣ ಕೊಟ್ಟರು, ಇಲ್ಲದವರು ದುಡಿಮೆ ಕೊಟ್ಟರು.

ಇಂದಿನ ವಿದ್ಯಾರ್ಥಿ ಕೊಡಬಹುದಾದದ್ದು ತನ್ನ ಅನುಭವ. ಯಾವ ಅರ್ಜಿಗೆ ಯಾವ ಕಾಗದ ಕೇಳಿದರು, ಎಲ್ಲಿ ತಡವಾಯಿತು, ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕು ಎಂಬುದನ್ನು ನಮ್ಮ ಸಂಘದ ಒಂದು ರಿಜಿಸ್ಟರ್‌ನಲ್ಲಿ ಪ್ರತಿ ಬ್ಯಾಚಿನವರು ಬರೆದು ಹೋಗುತ್ತಾರೆ. ಕನ್ನಡದಲ್ಲೋ ಮರಾಠಿಯಲ್ಲೋ, ತಮಗೆ ಬಂದ ಭಾಷೆಯಲ್ಲಿ. ನಮ್ಮ ಸಂಘದ ಆಸ್ತಿಯೆಂದರೆ ಆ ರಿಜಿಸ್ಟರೇ.

ಬೆಳಗಾವಿ, ಖಾನಾಪುರದ ಪ್ರತಿ ಪದವಿ ಕಾಲೇಜಿನ ವಾಣಿಜ್ಯ ಅಧ್ಯಾಪಕರಲ್ಲಿ ನನ್ನದು ಒಂದೇ ವಿನಂತಿ. ಈ ವರ್ಷ ಸಂಘದ ಉದ್ಘಾಟನೆಗೆ ಹಾರ-ಶಾಲು ತರುವ ಮೊದಲು ಹೊಸ ವಿದ್ಯಾರ್ಥಿಗಳ ಕಾಗದ ತಾಳೆ ನೋಡುವ ಒಂದು ದಿನ ಗೊತ್ತುಮಾಡಿ. ವಿದ್ಯಾರ್ಥಿಗಳೇ, ನಿಮ್ಮ ಹಕ್ಕಿನ ಹಣವನ್ನು ಕೇಳಿ ಪಡೆಯಲು ಸಂಕೋಚ ಬೇಡ. ಪಡೆದ ಮೇಲೆ, ನಿಮ್ಮ ಹಿಂದೆ ಬರುವ ಒಬ್ಬ ತಮ್ಮನಿಗೋ ತಂಗಿಗೋ ಅರ್ಜಿ ತುಂಬಿಸಿಕೊಟ್ಟೇ ಕಾಲೇಜು ಬಿಡಿ.