"ಮಿಸ್, ಮನೆಗೆ ಹೇಳ್ತಾರಾ?"

ಬೋಧನಾಭ್ಯಾಸದ ನಾಲ್ಕನೇ ವಾರ ಒಂಬತ್ತನೇ ತರಗತಿಗೆ ಆಪ್ತಸಮಾಲೋಚನೆಯ ಬಗ್ಗೆ ಪಾಠ ಮಾಡಿದೆ. ಅಲ್ಲಿ ಏನು ನಡೆಯುತ್ತದೆ ಎಂದು ಕೇಳಿದಾಗ ಮಕ್ಕಳು ಕೊಟ್ಟ ಉತ್ತರ: ಬುದ್ಧಿ ಹೇಳ್ತಾರೆ, ಮಾತ್ರೆ ಕೊಡ್ತಾರೆ, ಕರೆಂಟ್ ಕೊಡ್ತಾರೆ. ಕೊನೆಯದು ಸಿನಿಮಾದ ಪ್ರಭಾವ.

ಮೊದಲ ಭೇಟಿಯಲ್ಲಿ ಹೆಚ್ಚಾಗಿ ಪ್ರಶ್ನೆಗಳೇ ಇರುತ್ತವೆ ಎಂದು ವಿವರಿಸಿದೆ. ತೊಂದರೆ ಯಾವಾಗ ಶುರುವಾಯಿತು, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮನೆಯಲ್ಲಿ ಯಾರಿದ್ದಾರೆ. ಸಾಮಾನ್ಯವಾಗಿ 45ರಿಂದ 60 ನಿಮಿಷ. ಯಾವುದಾದರೂ ಪ್ರಶ್ನೆಗೆ 'ಈಗ ಹೇಳಲಾರೆ' ಎನ್ನಬಹುದು. ಆಪ್ತಸಮಾಲೋಚಕರು ಔಷಧಿ ಬರೆಯುವುದಿಲ್ಲ. ಅಗತ್ಯವೆನಿಸಿದರೆ ಮನೋವೈದ್ಯರ ಬಳಿ ಕಳಿಸುತ್ತಾರೆ. ಮೊದಲ ದಿನವೇ ಹಗುರವಾಗಬೇಕೆಂದಿಲ್ಲ, ಅತ್ತು ಸುಸ್ತಾಗಿ ಬರುವುದೂ ಉಂಟು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಮನೆಗೆ ಹೇಳ್ತಾರಾ?" "ಯಾರಿಗೂ ಹೇಳಲ್ಲ" ಎಂದುಬಿಟ್ಟೆ.

ಪಾಠ ವೀಕ್ಷಿಸಿದ ನಮ್ಮ ಮೇಡಂ ಆಮೇಲೆ, "ಅದು ನೀವು ಕೊಡಬಹುದಾದ ಮಾತಲ್ಲ" ಎಂದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಡುತ್ತದೆ, ನಿಜ. ಆದರೆ ಜೀವಕ್ಕೆ ಅಪಾಯವಿದ್ದರೆ ವಿನಾಯಿತಿ ಇದೆ. 18 ತುಂಬದವರಿಗೆ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಕೇಳುತ್ತಾರೆ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು; ಶಿಕ್ಷಕರಾದ ನಾವೂ ಅಷ್ಟೇ. ನನ್ನ ಮಾತು ನಂಬಿ ಹೋದ ಮಗು ಅಲ್ಲಿ ಮೋಸಹೋದೆ ಅಂದುಕೊಂಡರೆ, ಮತ್ತೆ ಯಾರ ಬಳಿಯೂ ಬಾಯಿ ಬಿಡಲಿಕ್ಕಿಲ್ಲ.

ಮರುದಿನ ವಿಜ್ಞಾನದ ಅವಧಿಯಲ್ಲಿ ಐದು ನಿಮಿಷ ತೆಗೆದುಕೊಂಡು, "ನಿನ್ನೆ ನಾನು ತಪ್ಪು ಹೇಳಿದೆ" ಎಂದು ಇದೆಲ್ಲವನ್ನೂ ತಿಳಿಸಿದೆ. ಮನೆಗೆ ಏನು ಹೇಳುತ್ತೀರಿ, ಏನು ಹೇಳುವುದಿಲ್ಲ ಎಂದು ಮೊದಲ ಭೇಟಿಯಲ್ಲೇ ಕೇಳಿ ಎಂದೆ. ಟೆಲಿ ಮಾನಸ್ ಸಂಖ್ಯೆ 14416, ಹಗಲುರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದನ್ನು ಬರೆದು, ಯಾರು ಬರೆದುಕೊಳ್ಳುತ್ತಾರೆಂದು ನೋಡದೆ ಸ್ವಲ್ಪ ಹೊತ್ತು ಬೋರ್ಡಿನ ಕಡೆಗೇ ತಿರುಗಿ ನಿಂತೆ.